ಸಕ್ಕರೆ ಹೆಚ್ಚಾಗಿದೆ

ಲೋಕದಲ್ಲಿ ಡಬ್ಬಿಗಳಿಗಿಂತ ಮುಚ್ಚಳಗಳೇ ಜಾಸ್ತಿ ಎಂಬುದು ನನ್ನ ನಂಬಿಕೆ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು, ಒಮ್ಮೆ ಎದ್ದು ಹೋಗಿ ನೋಡಿ. ನಮ್ಮ ಅಡಿಗೆಮನೆಯಲ್ಲಿ ಸ್ಟೀಲಿನ ಒಂದು ಮುಚ್ಚಳವಿದೆ. ಅಗಲವಾದದ್ದು, ನಡುವೆ ಗುಂಡನೆಯ ಹಿಡಿ, ಅಂಚಿನಲ್ಲಿ ಒಂದು ತಗ್ಗು. ಅದು ಯಾವ ಡಬ್ಬಿಗೂ ಕೂರುವುದಿಲ್ಲ. ಎಸೆದುಬಿಡೋಣವೆಂದರೆ, ಎಸೆದ ಮರುದಿನವೇ ಅದರ ಡಬ್ಬಿ ಸಿಕ್ಕರೆ ಎಂಬ ಹೆದರಿಕೆ. ಹೀಗಾಗಿ ಸದ್ಯಕ್ಕೆ ಅದು ನನ್ನ ಮಗ ಗುಂಡನ ಬಸ್ಸಿನ ಸ್ಟೇರಿಂಗು. ಅವನಿಗೆ ಮೂರು ವರ್ಷ. ಶಿಕಾರಿಪುರದ ನಮ್ಮ ಮನೆಯ ಹಜಾರದಿಂದ ಹೊರಟು, ಬಚ್ಚಲುಮನೆಯ ಬಾಗಿಲಲ್ಲಿ ಐದು ನಿಮಿಷ ನಿಂತು, ಅಡಿಗೆಮನೆಗೆ ಹೋಗಿ ಮುಟ್ಟುವ ಬಸ್ಸು ಅದು.

ಒಂದು ದಿನ ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಜೀರಿಗೆಗೆಂದು ಮೇಲಿನ ಗೂಡಿಗೆ ಕೈ ಚಾಚಿದೆ. ಜೀರಿಗೆ ಇರುವುದು ಕಾಫಿಪುಡಿಯ ಡಬ್ಬಿಯಲ್ಲಿ. ಕಾಫಿಪುಡಿ ಇರುವುದು ಹಪ್ಪಳದ ಡಬ್ಬಿಯಲ್ಲಿ. ಹಪ್ಪಳ ಎಲ್ಲಿದೆಯೋ ನಮ್ಮ ಅತ್ತೆಗೇ ಗೊತ್ತು. ಕಾಫಿಪುಡಿ ಡಬ್ಬಿಯನ್ನು ಎಳೆದೆ ನೋಡಿ, ಅದರ ಹಿಂದಿದ್ದ ಡಬ್ಬಿಗಳೆಲ್ಲ ಒಂದನ್ನೊಂದು ಹಿಡಿದುಕೊಂಡು ಬಂದವು. ಕೊನೆಗೆ ಬಂದದ್ದು ಈ ಮುಚ್ಚಳ. ಗುಂಡ ಅಜ್ಜಿಯ ಕೈಲಿ ತನ್ನ ಬಸ್ಸು ನಿಲ್ಲಿಸುವ ಜಾಗ ಅದೇ ಗೂಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಹಣೆ ಊದಿಕೊಂಡಿತು, ಎಣ್ಣೆ ಹೊಗೆಯಾಡಿತು. ಅವತ್ತೇ ನಾನು ಅಡಿಗೆಮನೆಯನ್ನು ಒಂದು ದಾರಿಗೆ ತರುವೆನೆಂದು ಶಪಥ ಮಾಡಿದೆ.

ಮೊಬೈಲಿನಲ್ಲಿ ಅಂಥ ವಿಡಿಯೋಗಳಿವೆ. ಬಿಳಿ ಅಡಿಗೆಮನೆ, ಬೆಳ್ಳನೆಯ ಹೆಂಗಸು, ಸಾಲಾಗಿ ನಿಂತ ಪಾರದರ್ಶಕ ಡಬ್ಬಿಗಳು. ಆಕೆ ಒಂದು ಬದಿಯಿಂದ ಸುರಿಯುತ್ತಾಳೆ, ಮುಚ್ಚುತ್ತಾಳೆ, ಚೀಟಿ ಅಂಟಿಸುತ್ತಾಳೆ, ಮುಗುಳ್ನಗುತ್ತಾಳೆ. ಆಕೆಗೂ ಇಬ್ಬರು ಸಣ್ಣ ಮಕ್ಕಳಂತೆ. ಅವರನ್ನು ಯಾವ ಡಬ್ಬಿಯಲ್ಲಿ ಹಾಕಿಟ್ಟಿರುತ್ತಾಳೋ ಕಾಣೆ, ಒಂದು ವಿಡಿಯೋದಲ್ಲೂ ಸದ್ದಿಲ್ಲ.

ಇನ್ನು ನನ್ನ ಯೋಗ್ಯತೆಯನ್ನೂ ಹೇಳಬೇಕಲ್ಲ. ನಾನು ಇಲ್ಲಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ನನ್ನ ಮೇಜಿನ ಮೇಲೆ ಏನಾದರೂ ಹುಡುಕಬೇಕಾದರೆ ಅಟೆಂಡರ್ ಮೊದಲು ದೇವರಿಗೆ ಕೈ ಮುಗಿಯುತ್ತಾನೆ. ಹುಟ್ಟೂರು ತೊಗರ್ಸಿಯಲ್ಲಿ ನಮ್ಮವ್ವನಿಗೆ ಈ ಡಬ್ಬಿಗಳ ಚಿಂತೆಯೇ ಇರಲಿಲ್ಲ. ಕೂಡಿಡುವಷ್ಟು ಉಳಿಯುತ್ತಲೇ ಇರಲಿಲ್ಲ. ಬೆಲ್ಲವನ್ನು ಮಾತ್ರ ನೆಲುವಿನಲ್ಲಿ ತೂಗಿಹಾಕುತ್ತಿದ್ದಳು, ಇರುವೆ ಕಾಟವೆಂದು. ಆ ಇರುವೆಗಳು ನಾನು ಮತ್ತು ನನ್ನ ಅಣ್ಣ. ಅವನು ಕುಕ್ಕರಗಾಲಲ್ಲಿ ಕೂರುವುದು, ನಾನು ಅವನ ಹೆಗಲೇರುವುದು, ಅವನು ನಿಧಾನ ಏಳುವುದು. ತಿಂಗಳ ಬೆಲ್ಲ ವಾರಕ್ಕೇ ತಳ ಕಂಡಾಗ ಅವ್ವ ಕೇರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು, "ಬೆಲ್ಲ ಖಾಲಿ ಆಗೇತಿ! ಯಾವ ಇರುವಿ ತಿಂದೈತಿ, ಹೊರಗ ಬರ್ಲಿ!"

ಖಾಲಿ. ಎಷ್ಟು ಸ್ವಚ್ಛವಾದ ಮಾತು ನೋಡಿ. ಡಬ್ಬಿಯಲ್ಲಿ ಇಲ್ಲ, ತರಬೇಕು, ಮುಗಿಯಿತು. ಈ ಮಾತು ನಮ್ಮ ಅತ್ತೆಯ ಬಾಯಲ್ಲಿ ಇಲ್ಲವೇ ಇಲ್ಲ. ನನ್ನ ಕಷ್ಟವೆಲ್ಲ ಶುರುವಾಗುವುದು ಅಲ್ಲಿಂದ.

ಅತ್ತೆ ಸೊರಬದ ಕಡೆಯವರು, ಚಂದ್ರಗುತ್ತಿ ಹತ್ತಿರದ ಹಳ್ಳಿ. ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಮೊಮ್ಮಕ್ಕಳನ್ನು ಕಂಡರೂ ಅವರ ಮಾತು ಇನ್ನೂ ಆ ಕಡೆಯದೇ. ಬಳೆ ಒಡೆದರೆ 'ಹೆಚ್ಚಾಯಿತು' ಅನ್ನುವುದು, ದೀಪ ಆರಿದರೆ 'ದೊಡ್ಡದಾಯಿತು' ಅನ್ನುವುದು ನಮ್ಮಲ್ಲೂ ಉಂಟು. ಅತ್ತೆಯದು ಅಷ್ಟಕ್ಕೆ ನಿಲ್ಲುವುದಿಲ್ಲ. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗಿದೆ. ಉಪ್ಪು ತೀರಿದರೆ ಉಪ್ಪು ಹೆಚ್ಚಾಗಿದೆ. ಗ್ಯಾಸ್ ಸಿಲಿಂಡರು ಕೂಡ ಅವರ ಬಾಯಲ್ಲಿ ಹೆಚ್ಚಾಗುತ್ತದೆ.

"ಅಡಿಗೆಮನೇಲಿ ಇಲ್ಲ ಅನ್ನಬಾರ್ದೇ ಮಾರಾಯ್ತಿ. ಮೇಲೆ ಅಸ್ತು ದೇವತೆಗಳು ಓಡಾಡ್ತಾ ಇರ್ತಾವೆ. ಅಸ್ತು ಅಂದ್ಬಿಟ್ರೆ ಎಂತ ಮಾಡ್ತೀಯ?"

ಬಾಯಿಮಾತಿಗೆ ಅಷ್ಟಾದರೆ ಸರಿ. ಡಬ್ಬಿಯ ತಳವೂ ಕಾಣಬಾರದು. ಕೊನೆಯ ಒಂದು ಹಿಡಿಯನ್ನು ಅತ್ತೆ ಯಾವತ್ತೂ ಬಳಸುವುದಿಲ್ಲ. ಹೊಸ ರವೆ ಬಂತೆನ್ನಿ, ಹಳೆಯದರ ಮೇಲೆ ಹೊಸದನ್ನು ಸುರಿದರೆ ಹುಳ ಬೀಳುತ್ತದೆ, ಹಳೆಯದನ್ನು ಚೆಲ್ಲಿದರೆ ಲಕ್ಷ್ಮಿ ಹೋಗುತ್ತಾಳೆ. ಹಾಗಾದರೆ ಏನು ಮಾಡಬೇಕು? ಇನ್ನೊಂದು ಡಬ್ಬಿ ತರಬೇಕು. ನಮ್ಮ ಮನೆಯಲ್ಲಿ ಡಬ್ಬಿಗಳ ಸಂತತಿ ಬೆಳೆದದ್ದು ಹೀಗೆ. ಇಡೀ ಗೂಡು ತುಂಬ ಒಂದೊಂದು ಹಿಡಿ ರವೆ, ಒಂದೊಂದು ಹಿಡಿ ಹೆಸರುಬೇಳೆ, ಎಲ್ಲದಕ್ಕೂ ಅದಲುಬದಲಾದ ಮುಚ್ಚಳ.

ಡಬ್ಬಿ ತಂದೆ. ಚೌಕನೆಯವು, ಒಳಗಿನದು ಕಾಣುವಂಥವು. ಚೀಟಿ ಬರೆಯುವ ಕೆಲಸವನ್ನು ಮಗಳು ಇಂಚರ ಅತ್ತು ಕರೆದು ವಹಿಸಿಕೊಂಡಳು. ಅವಳು ಒಂದನೇ ತರಗತಿ. ಅಕ್ಷರ, ಕಾಗುಣಿತ ಆಗಿದೆ, ಒತ್ತಕ್ಷರ ಇನ್ನೂ ಬಂದಿಲ್ಲ. ಅದು ನನಗೆ ಹೊಳೆಯುವಷ್ಟರಲ್ಲಿ ಚೀಟಿಗಳೆಲ್ಲ ಅಂಟಿಯಾಗಿದ್ದವು. ಅಕಿ. ಉಪು. ಬೆಲ. ಸಕರೆ. ತಿದ್ದಹೋದರೆ, "ಮಿಸ್ಸು ಒತ್ತು ಹೇಳ್ಕೊಟ್ಟಿಲ್ಲ, ಹೇಳ್ಕೊಟ್ಟ ಮೇಲೆ ಹಾಕ್ತೀನಿ," ಎಂದಳು. ಹೀಗಾಗಿ ನಮ್ಮ ಮನೆಯ ಉಪ್ಪಿಗೆ ಒತ್ತು ಬೀಳುವುದು ಶಾಲೆಯಲ್ಲಿ ಆ ಪಾಠ ಬಂದ ಮೇಲೆಯೇ.

ಹುರಿದ ಕಡಲೆಯ ಡಬ್ಬಿ ಬಂದಾಗ ಜಗಳ. ನಾನು ಪುಟಾಣಿ ಎಂದು ಬರೆಸಬೇಕೆಂದೆ. ಅತ್ತೆ, "ಪುಟಾಣಿ ಅಂದ್ರೆ ಎಂತದೇ? ಹುರಿಗಡಲೆ ಅಂತ ಬರಿ," ಎಂದರು. ನನ್ನ ಗಂಡ ಪೇಪರಿನ ಹಿಂದಿನಿಂದಲೇ, "ಏನರ ಬರೀರಿ, ಚಟ್ನಿ ಮಾಡಿದ್ರ ಸಾಕು," ಎಂದು ತೀರ್ಪು ಕೊಟ್ಟರು. ಕಡೆಗೆ ಪುಟಾಣಿಯೇ ಗೆದ್ದಿತು. ಗೆದ್ದದ್ದರ ಫಲವನ್ನು ಸಂಜೆಯೇ ಉಂಡೆ. ಗುಂಡನನ್ನು ಮನೆಯಲ್ಲಿ ಎಲ್ಲರೂ ಮುದ್ದಿಗೆ ಪುಟಾಣಿ ಅನ್ನುತ್ತೇವೆ. ಅಕ್ಕ ಆ ಚೀಟಿಯನ್ನು ಅವನಿಗೆ ಓದಿ ಹೇಳಿದಳಂತೆ. ಆ ಡಬ್ಬಿ ತನ್ನದೆಂದು ತಿಳಿದು, ಇದ್ದ ಕಡಲೆಯನ್ನೆಲ್ಲ ನೆಲಕ್ಕೆ ಸುರಿದು, ತನ್ನ ಕಾರು, ಲಾರಿ, ಒಂದು ಕಾಲು ಮುರಿದ ಆನೆ, ಅರ್ಧ ತಿಂದ ಚಕ್ಕುಲಿ ಎಲ್ಲವನ್ನೂ ಅದರಲ್ಲಿ ತುಂಬಿಟ್ಟಿದ್ದ. ಬೈದರೆ, "ನಂದು! ಪುಟಾಣಿ!" ಎಂದು ಚೀಟಿ ತೋರಿಸುತ್ತಾನೆ. ಕಾಗದಪತ್ರ ಅವನ ಹೆಸರಿಗಿದ್ದ ಮೇಲೆ ನಾನೇನು ಮಾಡಲಿ?

ನಾನು ಒಂದು ಪದ್ಧತಿಯನ್ನೂ ಜಾರಿಗೆ ತಂದೆ. ಯಾವ ಡಬ್ಬಿ ಖಾಲಿಯಾಗುತ್ತದೋ ಅದನ್ನು ತೊಳೆದು ಕಟ್ಟೆಯ ಮೇಲಿಡಬೇಕು. ನಾನು ನೋಡುತ್ತೇನೆ, ತರುತ್ತೇನೆ, ತುಂಬುತ್ತೇನೆ. ಹೇಳಿಕೇಳಿ ಮಾಡುವ ಗೋಜೇ ಇಲ್ಲ. ವಾರ ಕಳೆಯಿತು, ಕಟ್ಟೆಯ ಮೇಲೆ ಒಂದು ಡಬ್ಬಿಯೂ ಬರಲಿಲ್ಲ. ಎಲ್ಲದರ ತಳದಲ್ಲೂ ಒಂದೊಂದು ಹಿಡಿ ಭದ್ರವಾಗಿ ಕೂತಿತ್ತು. ನೋಡಿದವರಿಗೆ ಕಾಣಲೆಂದು ಪಾರದರ್ಶಕ ಡಬ್ಬಿ ತಂದದ್ದು ನಾನೇ ತಾನೆ, ಈಗ ಆ ಹಿಡಿಗಳೆಲ್ಲ ಮೂರು ಹೊತ್ತೂ ನನ್ನನ್ನೇ ನೋಡತೊಡಗಿದವು.

ಅಷ್ಟರಲ್ಲಿ ಸಕ್ಕರೆಯ ಪ್ರಕರಣವಾಯಿತು. ಆಫೀಸಿನಿಂದ ಬರುವ ದಾರಿಯಲ್ಲಿ ಅಂಗಡಿ ಮುಂದೆ ನಿಂತು ಮನೆಗೆ ಫೋನು ಮಾಡಿದೆ. ಇಂಚರ ಎತ್ತಿಕೊಂಡಳು.

"ಸಕ್ಕರೆ ಐತೇನು ಅಜ್ಜಿಗೆ ಕೇಳವ್ವ."

ಒಳಗಿನಿಂದ ಅತ್ತೆಯ ದನಿ ಸಣ್ಣಗೆ ಕೇಳಿಸಿತು. ಇಂಚರ ಗಟ್ಟಿಯಾಗಿ ಒಪ್ಪಿಸಿದಳು. "ಸಕ್ಕರೆ ಹೆಚ್ಚಾಗಿದೆಯಂತೆ ಅಮ್ಮಾ!"

ಹಿಂದಿನ ಭಾನುವಾರವಷ್ಟೇ ಗೂಡಿನ ಮೂಲೆಮೂಲೆಯಿಂದ ಸಕ್ಕರೆ ಹೊರಬಿದ್ದಿತ್ತು. ಮಗು ಹೇಳುತ್ತಿದೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ ಎಂದುಕೊಂಡು ಮನೆಗೆ ಬಂದೆ. ಹಜಾರದಲ್ಲಿ ಇವರ ಕಡೆಯ ಹಿರಿಯರು ನಾಲ್ಕು ಮಂದಿ ಬಂದು ಕೂತಿದ್ದಾರೆ. ಚಹಾಕ್ಕಿಟ್ಟು 'ಸಕರೆ' ತೆಗೆದರೆ ತಳದಲ್ಲಿ ಅದೇ ಒಂದು ಹಿಡಿ. ಅದನ್ನು ಮುಟ್ಟುವಂತಿಲ್ಲ. 'ಬೆಲ' ತೆಗೆದು ಹಾಕಿದೆ. ಹಾಲು ಒಡೆಯಿತು. ಒಡೆದ ಚಹಾವನ್ನು ಆ ದೊಡ್ಡವರು ಲೋಟ ಕೆಳಗಿಡದೆ ಕುಡಿದರು. ಅವರ ಸೌಜನ್ಯವೇ ನನ್ನನ್ನು ಹೆಚ್ಚು ಸುಟ್ಟಿತು.

"ಹೆಚ್ಚಾಗಿದೆ ಅಂದ್ನಲ್ಲೇ ನಾನು," ಎಂದರು ಅತ್ತೆ.

"ಅದಕ್ಕೇ ತರಲಿಲ್ರೀ ಅತ್ತೆ!"

"ಅದಕ್ಕೇ ತರಬೇಕಿತ್ತು!"

ಅಲ್ಲಿಂದ ನಾನು ಎಚ್ಚರವಾದೆ. ರವೆ ಹೆಚ್ಚಾಗಿದೆ ಎಂದು ಅತ್ತೆ ಎಂದದ್ದೇ ತಡ, ಎರಡು ಪ್ಯಾಕೆಟ್ಟು ತಂದು ಮುಂದಿಟ್ಟೆ. ಅತ್ತೆ ಹಣೆ ಚಚ್ಚಿಕೊಂಡರು. "ಪಾರು ಕಳಿಸಿದ್ದೇ ಸೇರುಗಟ್ಟಲೆ ಬಿದ್ದಿದೆ, ಹೆಚ್ಚಾಗಿದೆ ಅಂತ ಬಾಯ್ಬಿಟ್ಟು ಹೇಳಿದ್ನಲ್ಲೇ. ಎಂತಕೆ ಮತ್ತೆ ತಂದೆ?" ಪಾರು ಎಂದರೆ ನನ್ನ ನಾದಿನಿ, ಸೊರಬದಲ್ಲಿದ್ದಾಳೆ. ಹೀಗೆ ಈ ಒಂದು ಮಾತು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅನ್ನದೆ, ಎರಡನ್ನೂ ಒಂದೇ ಬಾಯಲ್ಲಿ ಅಂದು ನನ್ನ ಜೀವ ಹಿಂಡಿತು.

ಆ ಶನಿವಾರ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತೆ. ಗೂಡಿನ ಹಳೆಯ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರವಿದೆ. ಗುಂಡ ಚೀಟಿಗಳನ್ನು ಕಿತ್ತು ತನ್ನ ಹೊಟ್ಟೆಯ ಮೇಲೆ 'ಉಪು' ಅಂಟಿಸಿಕೊಂಡು, ಅಜ್ಜಿಯ ಕೆನ್ನೆಗೆ 'ಬೆಲ' ಅಂಟಿಸಿ ಕುಣಿಯುತ್ತಿದ್ದ. ಇಂಚರ ಕಡಲೆಬೇಳೆಗೂ ತೊಗರಿಬೇಳೆಗೂ ಮದುವೆ ಮಾಡಿಸುತ್ತೇನೆಂದು ಎರಡನ್ನೂ ಒಂದೇ ಬೋಗುಣಿಗೆ ಸುರಿದಿದ್ದಳು. ಅತ್ತೆ ನಾನು ಚೆಲ್ಲಲೆಂದು ತೆಗೆದಿಟ್ಟ ಒಂದೊಂದು ಹಿಡಿಯನ್ನೂ ಹಿಂದಿನಿಂದ ಮತ್ತೆ ಡಬ್ಬಿಗೆ ಹಾಕುತ್ತಿದ್ದರು. ಅದನ್ನು ಕಂಡದ್ದೇ ನನ್ನ ನೆತ್ತಿಗೇರಿತು.

"ಸಾಕಾತ್ರೀ ಅತ್ತೆ ನನಗ! ಈ ಮನಿಯೊಳಗ ಹೆಚ್ಚಾಗಿರೋದೆಲ್ಲ ಮೊದಲ ಹೊರಗ ಹೋಗಬೇಕು. ಆವಾಗ ಉಸಿರಾಡಾಕ ಒಂದೀಟು ಜಾಗ ಆಗತೈತಿ!"

ಅತ್ತೆ ಕೆನ್ನೆಯ ಮೇಲಿನ ಚೀಟಿಯನ್ನು ಬಿಡಿಸಿ ಬೆಲ್ಲದ ಡಬ್ಬಿಗೇ ಅಂಟಿಸಿ ಎದ್ದು ಹೋದರು. ನಾನು ಡಬ್ಬಿಯ ಮಾತನ್ನೇ ಆಡಿದ್ದು, ದೇವರಾಣೆ. ಆದರೆ ಆಡಿದ ಮಾತು ಯಾವ ಡಬ್ಬಿಗೆ ಹೋಗಿ ಬೀಳುತ್ತದೆ ಎಂಬುದು ಆಡಿದವರ ಕೈಯಲ್ಲಿರುವುದಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಚೀಲ ಹಿಡಿದು ನಿಂತಿದ್ದರು. "ಪಾರು ಕರೀತಾ ಇದಾಳೆ. ಹೋಗಿ ಬರ್ತೀನಿ." ಇವರು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರು.

"ಯಾವಾಗ ಬರ್ತಾರಂತ್ರೀ?"

"ಕೇಳಿದೆ. ಬರ್ತೀನಿ ಅಂದ್ಲು."

ಆ ಮಾತನ್ನು ನಂಬುವುದು ಹೇಗೆ ಹೇಳಿ. ನಮ್ಮಲ್ಲಿ 'ಬರ್ತೀನಿ' ಎಂದರೆ ಹೋಗುತ್ತೇನೆ ಎಂದೇ ಅರ್ಥ.

ಅತ್ತೆ ಹೋದ ಮೇಲೆ ನನ್ನ ಪದ್ಧತಿ ಗಡಿಯಾರದ ಹಾಗೆ ನಡೆಯಿತು. ತಡೆಯುವವರೇ ಇಲ್ಲವಲ್ಲ. ಡಬ್ಬಿಗಳು ತಳ ಕಂಡವು, ತೊಳೆದುಕೊಂಡು ಕಟ್ಟೆಯ ಮೇಲೆ ಸಾಲಾಗಿ ಬಂದು ನಿಂತವು. ವಿಡಿಯೋದಲ್ಲಿದ್ದ ಹಾಗೆಯೇ ಇತ್ತು ಅಡಿಗೆಮನೆ. ಆ ಬರಿಡಬ್ಬಿಗಳ ಸಾಲನ್ನು ಬೆಳಿಗ್ಗೆ ಎದ್ದು ನೋಡಿದರೆ ನನಗೆ ಅಂಗಡಿಗೆ ಹೋಗಿ ತುಂಬಿಸಿ ತರುವ ಹುಮ್ಮಸ್ಸೇ ಬರುತ್ತಿರಲಿಲ್ಲ. ಗುಂಡ ಅಂಗನವಾಡಿಯಿಂದ ಬಂದು ಪಕ್ಕದ ಮನೆಯಲ್ಲಿ ಕೂರುತ್ತಿದ್ದ. ಕೂತಲ್ಲಿ ಕೂರದೆ ಅವರ ಮನೆಯ ಮುಚ್ಚಳಗಳನ್ನೂ ಬಸ್ಸು ಮಾಡತೊಡಗಿದ. ಇಂಚರ ಸಂಜೆ ಬಾಗಿಲಲ್ಲೇ ಕೂತು, ಒಳಗೆ ಬಾ ಎಂದರೆ, "ಅಜ್ಜಿ ಬಂದ್ಮೇಲೆ," ಅನ್ನುತ್ತಿದ್ದಳು. ಅತ್ತೆ ಇದ್ದಿದ್ದರೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು, ಅದು ಒಂದು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಜೀರಿಗೆ ಹುಡುಕುವಾಗ, "ಕಾಫಿಪುಡಿ ಡಬ್ಬೀಲೇ ಇದೆ ನೋಡೇ," ಎಂದು ಹೊರಗಿನಿಂದ ಬರುತ್ತಿದ್ದ ಆ ದನಿ ಇಲ್ಲದೆ ನನಗೆ ಒಗ್ಗರಣೆ ಹಾಕುವುದೇ ಬೇಡವಾಗಿತ್ತು.

ಫೋನು ಮಾಡುತ್ತಿದ್ದೆ, ಇಲ್ಲವೆಂದಲ್ಲ. "ಆರಾಮ ಇದ್ದೀರಾ ಅತ್ತೆ?" "ಹ್ಞೂ." "ಊಟ ಆತಾ?" "ಹ್ಞೂ, ಆಯ್ತು." ಬನ್ನಿ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಬಿಗುಮಾನ, ಮತ್ತೇನು. ನಾನೇನು ಹೋಗಿ ಅಂದಿದ್ದೆನೆ? ಹೀಗಿರುವಾಗ ಒಂದು ದಿನ ಪಾರುವೇ ಮೆಲ್ಲಗೆ ಹೇಳಿದಳು. "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಅಮ್ಮ ಒಂದು ಸಲ ಅಂದ್ಲು, ಅಲ್ಲಿ ನಾನೂ ಹೆಚ್ಚಾಗಿದೀನಿ ಕಣೇ ಅಂತ."

ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಒಂದು ಮಾತನ್ನು ತಲೆಕೆಳಗು ಮಾಡಿಯೇ ಆಡುತ್ತ ಬಂದ ಹೆಂಗಸು, ನಾನು ಆಡಿದಾಗ ಮಾತ್ರ ಅದನ್ನು ನೆಟ್ಟಗೆ ತೆಗೆದುಕೊಳ್ಳಬೇಕೆ? ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಡಬ್ಬಿ ಒರೆಸಿದೆ.

ಆ ಸಂಜೆ ಅತ್ತೆಯೇ ಫೋನು ಮಾಡಿದರು, ಮೊಮ್ಮಗಳ ಜೊತೆ ಮಾತಾಡಲು. ನಾನು ಕಟ್ಟೆಯ ಹತ್ತಿರ ತರಕಾರಿ ಹೆಚ್ಚುತ್ತಿದ್ದೆ. ಇಂಚರ ಫೋನನ್ನು ಸ್ಪೀಕರಿಗೆ ಹಾಕಿ, ಅದನ್ನು ಹಿಡಿದುಕೊಂಡೇ ಗೂಡಿನ ಮುಂದೆ ಓಡಾಡುತ್ತಿದ್ದಳು.

"ಮನೇಲಿ ಎಲ್ಲಾ ಇದೆಯೇನೇ ಕೂಸೇ?"

"ತಡಿ ಅಜ್ಜಿ, ನೋಡಿ ಹೇಳ್ತೀನಿ. ಅಕ್ಕಿ ಇದೆ. ಬೇಳೆ ಇದೆ, ಎರಡು ಬೇಳೆನೂ ಮಿಕ್ಸ್ ಆಗಿದೆ. ಪುಟಾಣಿ ಡಬ್ಬೀಲಿ ಆನೆ ಇದೆ. ಸಕ್ಕರೆ..." ಇಲ್ಲಿ ಅವಳು ಕಟ್ಟೆಯ ಕಡೆ ತಿರುಗಿ, ತೊಳೆದು ಕವುಚಿಟ್ಟ ಡಬ್ಬಿಯನ್ನು ನೋಡಿದಳು. ಇಲ್ಲ ಅನ್ನಬಾರದೆಂದು ಅಜ್ಜಿ ಕಲಿಸಿದ ಪಾಠ ನೆನಪಾಗಿರಬೇಕು. "ಸಕ್ಕರೆ ಹೆಚ್ಚಾಗಿದೆ. ರವೆ ಹೆಚ್ಚಾಗಿದೆ." ಆಮೇಲೆ ಸಣ್ಣ ದನಿಯಲ್ಲಿ ಅಂದಳು, "ನೀನೂ ಹೆಚ್ಚಾಗಿದೀಯ ಅಜ್ಜಿ."

ನನ್ನ ಕೈಯಿಂದ ಬೀನ್ಸ್ ಬಿತ್ತು. ಬೇರೆ ಯಾವ ಮಾತಾದರೂ ಆಗಿದ್ದರೆ! ಫೋನು ಕಸಿದುಕೊಳ್ಳಲು ಕೈ ಚಾಚಿದೆ, ಆದರೆ ಕಸಿದುಕೊಂಡು ಏನು ಹೇಳುವುದು? ಆ ಕಡೆಯಿಂದ ಪಾರುವಿನ ಮನೆಯ ಮುಂದೆ ಯಾವುದೋ ಬಸ್ಸು ಹಾರ್ನ್ ಹಾಕಿದ್ದು ಮಾತ್ರ ಕೇಳಿಸಿತು.

ಅತ್ತೆ ಕೇಳಿದರು.

"ಹೌದನೇ? ಭಾರಿ ಹೆಚ್ಚಾಗಿದೀನಾ?"

"ಹ್ಞೂ. ಪೂರ್ತಿ ಹೆಚ್ಚಾಗಿದೀಯ. ತಳದಲ್ಲೂ ಇಲ್ಲ."

"ಹೆಚ್ಚಾದ್ರೆ ಎಂತ ಮಾಡ್ಬೇಕು ಅಂತ ಹೇಳಿದ್ದೆ ನಾನು?"

"ತರಬೇಕು."

"ಹಂಗಾದ್ರೆ ನಿಮ್ಮಮ್ಮಂಗೆ ಹೇಳು."

ಹೇಳುವ ಅಗತ್ಯವಿರಲಿಲ್ಲ, ಫೋನು ಆಗಲೇ ನನ್ನ ಕೈಗೆ ಬಂದಿತ್ತು. ಬಿಗುಮಾನ ಎಲ್ಲಿ ಹೋಯಿತೋ ಗೊತ್ತಿಲ್ಲ. "ಅತ್ತೆ, ಭಾಳ ಹೆಚ್ಚಾಗೀರಿ," ಎಂದೆ. ದನಿ ಒಡೆದು ನನಗೇ ನಾಚಿಕೆಯಾಯಿತು. "ನಾಳೆ ಬೆಳಿಗ್ಗೆನೇ ಬರ್ತೀವಿ ಕರ್ಕೊಂಡು ಬರಾಕ."

"ನಾಳೆ ಎಂತಕೆ ಬರದು ಅಷ್ಟು ಗಡಿಬಿಡೀಲಿ," ಎಂದರು ಅತ್ತೆ. ಅವರು ಬೇಡ ಎಂದರೆ ಏನರ್ಥವೆಂದು ನನಗೀಗ ಚೆನ್ನಾಗಿ ಗೊತ್ತು. "ಬರೋದಾದ್ರೆ ಆ ಅಗಲದ ಮುಚ್ಚಳ ಹಿಡ್ಕಂಡು ಬಾ, ತಗ್ಗು ಬಿದ್ದಿದೆ ನೋಡು, ಅದು. ಅದರ ಡಬ್ಬಿ ಇಲ್ಲೇ ಪಾರು ಮನೇಲಿದೆ ಮಾರಾಯ್ತಿ. ಯಾವತ್ತೋ ಹಪ್ಪಳ ತುಂಬಿ ಕಳಿಸಿದ್ದೆ."

ಮುಚ್ಚಳ ಎಲ್ಲಿದೆ ಎಂದು ತಿರುಗಿ ನೋಡಿದೆ. ಅದು ಗುಂಡನ ಕೈಯಲ್ಲಿತ್ತು. ಹೊಟ್ಟೆಯ ಮೇಲೆ ಮತ್ತೆ 'ಉಪು' ಅಂಟಿಸಿಕೊಂಡು ಅವನು ಸ್ಟೇರಿಂಗ್ ತಿರುಗಿಸುತ್ತ, ಸೊರಬ, ಸೊರಬ ಎಂದು ಕೂಗುತ್ತ, ಆಗಲೇ ಬಸ್ಸು ಹೊರಡಿಸಿದ್ದ.